ರಜೆಯಲ್ಲಿ ಕುಳಿತು ಆಡುವ ಆಟಗಳು

ಬೇಸಿಗೆ ರಜೆ ಬಂತೆಂದರೆ ತಾಯಂದಿರ ದೂರು ಬದಲಾಗುತ್ತದೆ. ಪರೀಕ್ಷೆಯ ಕಾಲದಲ್ಲಿ ‘ಮಗ ಸರಿಯಾಗಿ ಊಟ ಮಾಡುವುದಿಲ್ಲ ಡಾಕ್ಟ್ರೇ’ ಎಂದವರು ಈಗ ‘ಬೆಳಗಿನಿಂದ ರಾತ್ರಿಯವರೆಗೆ ಮೊಬೈಲಿನಲ್ಲಿ ಗೇಮ್ ಆಡುತ್ತಾನೆ, ಕಣ್ಣು ಹಾಳಾಗುವುದಿಲ್ಲವೆ?’ ಎಂದು ಕೇಳುತ್ತಾರೆ. ಜೊತೆಗೆ ಬಂದ ಅಜ್ಜಿಯ ಬಳಿ ಪರಿಹಾರ ಸಿದ್ಧವಾಗಿರುತ್ತದೆ: ‘ನಾವೆಲ್ಲ ಚೌಕಾಬಾರ ಆಡುತ್ತಿದ್ದೆವು. ಆಗ ಇದೆಲ್ಲ ಎಲ್ಲಿತ್ತು?’

ವಿಡಿಯೊ ಗೇಮ್ ವಿಷವೂ ಅಲ್ಲ, ಚೌಕಾಬಾರ ಅಮೃತವೂ ಅಲ್ಲ. ದೇಹದ ಮಟ್ಟಿಗೆ ಎರಡೂ ಕುಳಿತು ಆಡುವ ಆಟಗಳೇ. ಮುಖ್ಯ ವ್ಯತ್ಯಾಸವಿರುವುದು ಆಟ ಮುಗಿಯುವ ರೀತಿಯಲ್ಲಿ. ಚೌಕಾಬಾರದಲ್ಲಿ ಕಾಯಿಗಳೆಲ್ಲ ಹಣ್ಣಾದರೆ ಆಟ ಮುಗಿಯಿತು. ಎದುರು ಕುಳಿತವನಿಗೆ ಹಸಿವಾದರೂ ಮುಗಿಯಿತು, ಜಗಳವಾದರಂತೂ ಮುಗಿದೇ ಹೋಯಿತು. ಮೊಬೈಲಿನ ಎಷ್ಟೋ ಆಟಗಳು ಹಾಗಲ್ಲ. ಒಂದು ಹಂತ ದಾಟುತ್ತಿದ್ದಂತೆ ಇನ್ನೊಂದು ಕಾದಿರುತ್ತದೆ. ದಿನವೂ ಬಂದು ಆಡಿದವರಿಗೆ ಬಹುಮಾನ ಬೇರೆ. ಯಂತ್ರಕ್ಕೆ ಹಸಿವಿಲ್ಲ, ನಿದ್ದೆಯಿಲ್ಲ. ನಿಲ್ಲಿಸುವ ಕೆಲಸ ಆಡುವವನೊಬ್ಬನ ಮೇಲೇ ಬೀಳುತ್ತದೆ. ತನ್ನನ್ನು ತಾನು ತಡೆದುಕೊಳ್ಳಲು ಬೇಕಾದ ಮಿದುಳಿನ ಮುಂಭಾಗ ಇಪ್ಪತ್ತು ವರ್ಷ ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ಹೀಗಿರುವಾಗ ಹತ್ತು ವರ್ಷದ ಹುಡುಗ ತಾನಾಗಿ ಫೋನು ಕೆಳಗಿಡಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಆಟಕ್ಕೆ ಕೊನೆಯನ್ನು ದೊಡ್ಡವರೇ ಹಾಕಿಕೊಡಬೇಕು. ಅದೂ ಆಟದ ನಡುವೆ ಕೈಯಿಂದ ಕಿತ್ತುಕೊಂಡಲ್ಲ. ಶುರುವಾಗುವ ಮೊದಲೇ ‘ಎರಡು ಆಟ, ಆಮೇಲೆ ಊಟ’ ಎಂದು ಒಪ್ಪಂದ ಮಾಡಿಕೊಂಡು. ಅಪ್ಪ ಊಟದ ತಟ್ಟೆಯ ಪಕ್ಕದಲ್ಲಿ ಫೋನಿಟ್ಟುಕೊಂಡು ಕುಳಿತ ಮನೆಯಲ್ಲಿ ಈ ಒಪ್ಪಂದ ನಡೆಯುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಇನ್ನು ಕಣ್ಣಿನ ವಿಷಯ. ಪರದೆ ನೋಡಿ ಯಾರೂ ಕುರುಡರಾಗುವುದಿಲ್ಲ. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಆಟದಲ್ಲಿ ಮುಳುಗಿದವನ ರೆಪ್ಪೆ ಅದರ ಅರ್ಧದಷ್ಟೂ ಬಡಿಯದಿರಬಹುದು. ಕಣ್ಣು ಒಣಗಿ ಉರಿಯುತ್ತದೆ, ಕೆಂಪಾಗುತ್ತದೆ, ಮಗು ಉಜ್ಜಿಕೊಳ್ಳುತ್ತದೆ. 20 ನಿಮಿಷಕ್ಕೊಮ್ಮೆ ಕಿಟಕಿಯಾಚೆ ದೂರದ ಮರವನ್ನೋ ತಂತಿಯ ಮೇಲಿನ ಕಾಗೆಯನ್ನೋ ನೋಡಿದರೆ ಕಣ್ಣಿಗೆ ವಿಶ್ರಾಂತಿ ಸಿಗುತ್ತದೆ. ಔಷಧದ ಅಂಗಡಿಯಲ್ಲಿ ಕೇಳಿ ತಂದ ಹನಿಗಳನ್ನು ಮಾತ್ರ ಹಾಕಬೇಡಿ. ಅವುಗಳಲ್ಲಿ ಕೆಲವದರಲ್ಲಿ ಸ್ಟಿರಾಯ್ಡ್ ಇರುತ್ತದೆ. ಕೆಂಪು ಒಂದೇ ದಿನದಲ್ಲಿ ಇಳಿಯಿತೆಂದು ತಿಂಗಳುಗಟ್ಟಲೆ ಹಾಕುತ್ತ ಹೋದರೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿಗೇ ಕುತ್ತು ಬರಬಹುದು.

ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣುವುದು, ಬೇರೆ ಮಾತು. ಹತ್ತಿರದ ವಸ್ತುವನ್ನೇ ಗಂಟೆಗಟ್ಟಲೆ ದಿಟ್ಟಿಸುವುದು ಇದಕ್ಕೆ ಒಂದು ಕಾರಣವಾದರೆ, ಹಗಲು ಬೆಳಕಿನಲ್ಲಿ ಹೊರಗೆ ಸುತ್ತಾಡದಿರುವುದು ಇನ್ನೊಂದು. ದಿನಕ್ಕೆ ಎರಡು ಗಂಟೆ ಹೊರಗಿರುವ ಮಕ್ಕಳಲ್ಲಿ ಈ ದೋಷ ಶುರುವಾಗುವುದು ಕಡಿಮೆ ಎಂದು ಕಂಡುಬಂದಿದೆ. ಸುಡುಬಿಸಿಲಿನಲ್ಲಿ ನಿಲ್ಲಬೇಕೆಂದಿಲ್ಲ, ಬೆಳಿಗ್ಗೆ ಹತ್ತರೊಳಗೆ, ಸಂಜೆ ಬಿಸಿಲು ತಗ್ಗಿದ ಮೇಲೆ, ಮರದ ನೆರಳಾದರೂ ಆದೀತು. ಈ ಲೆಕ್ಕದಲ್ಲಿ ಕತ್ತಲೆ ನಡುಮನೆಯಲ್ಲಿ ಆಡುವ ಕೇರಂಗಿಂತ ಜಗಲಿಯಲ್ಲಿ ಆಡುವ ಕೇರಂ ಮೇಲು.

ಕಣ್ಣಿಗಿಂತ ಹೆಚ್ಚು ಕೆಡುವುದು ನಿದ್ದೆ. ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಜೆಯೆಂದು ರಾತ್ರಿ ಎರಡರವರೆಗೆ ಆಡಿ ಹನ್ನೊಂದಕ್ಕೆ ಎದ್ದರೆ ಗಂಟೆಯ ಲೆಕ್ಕ ಸರಿಹೋಗಬಹುದು, ದೇಹದ ಗಡಿಯಾರ ಸರಿಯಿರದು. ಮಲಗುವ ಒಂದು ಗಂಟೆ ಮೊದಲೇ ಫೋನು ಅಪ್ಪ ಅಮ್ಮನ ಕೋಣೆ ಸೇರಲಿ.

ಮನೆಯಲ್ಲಿ ಮೂರ್ಛೆರೋಗವಿರುವ ಮಗುವಿದ್ದರೆ ನಿದ್ದೆಗೆಡುವುದು ಇನ್ನೂ ಅಪಾಯ. ಮಿನುಗುವ ಬೆಳಕಿನಿಂದ ಸೆಳೆತ ಬರುವುದು ಎಲ್ಲ ಮೂರ್ಛೆರೋಗಿಗಳಿಗಲ್ಲ, ಕೆಲವರಿಗೆ ಮಾತ್ರ. 1997ರ ಡಿಸೆಂಬರ್‌ನಲ್ಲಿ ಜಪಾನಿನ ಟಿವಿಯಲ್ಲಿ ಬಂದ ಪೋಕೆಮಾನ್ ಕಂತೊಂದರಲ್ಲಿ ಕೆಂಪು ನೀಲಿ ಬೆಳಕು ಪಟಪಟನೆ ಮಿನುಗಿದಾಗ 600ಕ್ಕೂ ಹೆಚ್ಚು ಮಂದಿಯನ್ನು, ಬಹುಪಾಲು ಮಕ್ಕಳನ್ನು, ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಂಥ ಮಕ್ಕಳು ದೀಪ ಹಾಕಿದ ಕೋಣೆಯಲ್ಲಿ, ಪರದೆಯಿಂದ ದೂರ ಕುಳಿತು ಆಡಲಿ. ಊರಿಗೆ ಹೋಗುವಾಗ ಮಾತ್ರೆ ಮರೆಯದಿರಲಿ. ಸೆಳೆತ ಬಂದರೆ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನನ್ನೂ ತುರುಕಬೇಡಿ. ಮಗ್ಗುಲಿಗೆ ಹೊರಳಿಸಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ.

‘ನಮ್ಮ ಹುಡುಗನಿಗೆ ಗೇಮಿನ ಚಟ ಹಿಡಿದಿದೆ’ ಎಂಬುದು ಇನ್ನೊಂದು ದೂರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ 2022ರಿಂದ ಇದಕ್ಕೂ ಜಾಗವಿದೆ. ಆದರೆ ರಜೆಯಲ್ಲಿ ಹೆಚ್ಚು ಆಡಿದ್ದೆಲ್ಲ ರೋಗವಲ್ಲ. ಆಟದ ಮೇಲೆ ಹಿಡಿತವೇ ಇಲ್ಲದಿರುವುದು, ಊಟ, ಗೆಳೆಯರು, ಓದು ಎಲ್ಲಕ್ಕಿಂತ ಆಟವೇ ಮೊದಲಾಗುವುದು, ಕೆಡುಕಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಯುವುದು ಇವು ಮೂರೂ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಇದ್ದರೆ ಆ ಹೆಸರು. ಹಾಗೆಂದು ವರ್ಷ ತುಂಬಲಿ ಎಂದು ಕಾಯಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ಇಂಥವರಿಗೆಂದು ಪ್ರತ್ಯೇಕ ಚಿಕಿತ್ಸಾಲಯ ಆರಂಭವಾಯಿತು.

ಅಜ್ಜಿಯ ಮಾತಿಗೂ ಆಧಾರವಿಲ್ಲದಿಲ್ಲ. 75 ದಾಟಿದ 469 ಮಂದಿಯನ್ನು ವರ್ಷಗಟ್ಟಲೆ ಗಮನಿಸಿದ ಅಮೆರಿಕದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಮಣೆಯಾಟ ಆಡುವವರಲ್ಲಿ ಮರೆಗುಳಿ ರೋಗ ಕಡಿಮೆ ಕಂಡಿತ್ತು. ಆಟದಿಂದಲೇ ಹಾಗಾಯಿತೆಂದು ಅದರಿಂದ ಸಾಬೀತಾಗದು. ಆದರೂ ಮೊಮ್ಮಗಳು ಅಜ್ಜಿಯನ್ನು ಆಟಕ್ಕೆ ಕರೆದರೆ ನಷ್ಟವೇನಿಲ್ಲ. ಮಂಡಿನೋವಿದ್ದರೆ ನೆಲ ಬಿಟ್ಟು ಮೇಜಿನ ಮೇಲೆ ಆಡಲಿ.

ಮಣೆಯಾಟದ ನಿಜವಾದ ಅಪಾಯ ಅದರ ಚಿಕ್ಕ ಕಾಯಿಗಳಲ್ಲಿದೆ. ಮೂರು ವರ್ಷದೊಳಗಿನ ಮಗು ಕವಡೆ, ದಾಳ, ಹುಣಸೆ ಬೀಜ ಎಲ್ಲವನ್ನೂ ಬಾಯಿಗಿಡುತ್ತದೆ. ಅಳಗುಳಿ ಮಣೆಗೆ ಕೆಲವರು ಗುಲಗಂಜಿ ಬಳಸುತ್ತಾರೆ. ಅದು ನೋಡಲು ಚೆಂದ, ಅಗಿದರೆ ಘೋರ ವಿಷ. ಅದರ ಬದಲು ಹುಣಸೆ ಬೀಜ ಇಟ್ಟುಕೊಳ್ಳಿ, ಆಟ ಮುಗಿದೊಡನೆ ಎಣಿಸಿ ಡಬ್ಬಿಗೆ ಹಾಕಿ. ಜಾತ್ರೆಯಲ್ಲಿ ಸಿಗುವ ಅಗ್ಗದ ಪುಟ್ಟ ಗೇಮುಗಳಲ್ಲಿ, ಮಿನುಗುವ ಆಟಿಕೆಗಳಲ್ಲಿ ಗುಂಡಿಯಾಕಾರದ ಬ್ಯಾಟರಿ ಇರುತ್ತದೆ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟ ಗಾಯ ಮಾಡಬಲ್ಲದು. ನುಂಗಿರಬಹುದೆಂಬ ಅನುಮಾನ ಬಂದರೂ ವಾಂತಿ ಮಾಡಿಸಬೇಡಿ, ಬಾಳೆಹಣ್ಣು ತಿನ್ನಿಸಿ ಮಲದಲ್ಲಿ ಬರಲೆಂದು ಕಾಯಬೇಡಿ. ಕೂಡಲೇ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೊರಡಿ. ಮಗುವಿಗೆ ವರ್ಷ ತುಂಬಿದ್ದು, ನುಂಗಲು ಕಷ್ಟವಿಲ್ಲದಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಆರು ಸಲ ಮೀರದಂತೆ. ಜೇನುತುಪ್ಪ ಹುಡುಕುತ್ತ ಹೊತ್ತು ಕಳೆಯಬೇಡಿ.