ಟ್ರ್ಯಾಕ್ಟರ್ ಇಂಜಿನ್ ಬೋರ್ ಮಾಡಿಸ್ತೀರಾ? ಪಿಸ್ಟನ್ ಯಾವ ಲೋಹದ್ದು ಅಂತ ಮೊದಲು ನೋಡಿ

ನಮ್ಮ ಹಿರೀಸಾವೆ ಕಡೆ ಹುಡುಗರು ಕೇಳ್ತಾರೆ: "ಅಣ್ಣ, ಲಾರಿಗೆಲ್ಲ ಈಗ ಸ್ಟೀಲ್ ಪಿಸ್ಟನ್ ಬಂದಿದ್ಯಂತೆ, ನಮ್ ಟ್ರ್ಯಾಕ್ಟರ್‌ಗೂ ಹಾಕಿಸಿದ್ರೆ ಬಾಳಿಕೆ ಬರಲ್ವಾ?" ನಾನು ಓದಿದ್ದು ತೋಟಗಾರಿಕೆ. ಆದ್ರೆ ಸಾವಯವ ತೋಟಕ್ಕೂ ಗೊಬ್ಬರ ಹೊರೋದು ಡೀಸೆಲ್ ಇಂಜಿನ್ನೇ ಅಲ್ವಾ, ಹಾಗಾಗಿ ಇದನ್ನೂ ತಿಳ್ಕೊಂಡೆ. ಉತ್ತರ: ಬೇಡ.

ನಮ್ಮ ಟ್ರ್ಯಾಕ್ಟರ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಅಲ್ಯೂಮಿನಿಯಂ ಪಿಸ್ಟನ್. ತೂಕ ಸ್ಟೀಲಿನ ಮೂರನೇ ಒಂದು ಭಾಗ, ಬಿಸಿಯನ್ನು ಬೇಗ ದಾಟಿಸುತ್ತೆ. ಕೆಟ್ಟ ಗುಣ ಅಂದ್ರೆ ಹಿಗ್ಗೋದು. ಅದಕ್ಕೇ ಸುಮಾರು 12% ಸಿಲಿಕಾನ್ ಬೆರೆಸಿರ್ತಾರೆ. ಆದರೂ 100 ಮಿ.ಮೀ. ಪಿಸ್ಟನ್ 100 ಡಿಗ್ರಿ ಕಾದರೆ ಸುಮಾರು 0.2 ಮಿ.ಮೀ. ಹಿಗ್ಗುತ್ತೆ, ಬೀಡಿನ ಲೈನರ್ ಅಷ್ಟೇ ಕಾದರೂ ಅದರ ಅರ್ಧ. ಲೇತ್‌ನವರು "ಟೈಟಾಗಿ ಕೂರಿಸ್ತೀನಿ" ಅಂದ್ರೆ ಒಪ್ಪಬೇಡಿ. ರೋಟವೇಟರ್ ಲೋಡ್ ಬಿದ್ದಾಗ ಪಿಸ್ಟನ್ ಲೈನರ್‌ಗೆ ಕಚ್ಚಿಕೊಂಡು ಸೀಜ್ ಆಗುತ್ತೆ. ಕಂಪನಿ ಹೇಳಿದಷ್ಟು ಗ್ಯಾಪ್ ಇರಲೇಬೇಕು.

ನಮ್ಮೂರ ಹೆದ್ದಾರೀಲಿ ಶಿರಾಡಿ ಘಾಟಿ ಕಡೆ ಹೋಗೋ ದೊಡ್ಡ ಲಾರಿಗಳ ಕಥೆ ಬೇರೆ. ಹೊಸ ಭಾರೀ ಇಂಜಿನ್‌ಗಳ ಒಳಗಿನ ಒತ್ತಡ 200 ಬಾರ್ ದಾಟಬಹುದು, ಅಂದ್ರೆ ಕಾರಿನ ಟೈರ್ ಗಾಳಿಯ 90 ಪಟ್ಟು. 300 ಡಿಗ್ರಿ ಮೇಲೆ ಅಲ್ಯೂಮಿನಿಯಂ ಬಲ ಕುಗ್ಗುತ್ತೆ, ಅಲ್ಲಿ ಸ್ಟೀಲ್ ಬೇಕು. ಆದ್ರೆ ಆ ಇಂಜಿನ್ನಿನ ಕ್ರ್ಯಾಂಕು, ಕನೆಕ್ಟಿಂಗ್ ರಾಡು, ಪಿಸ್ಟನ್ ತಂಪು ಮಾಡೋ ಆಯಿಲ್ ದಾರಿ, ಎಲ್ಲಾ ಅದಕ್ಕೆ ತಕ್ಕ ಹಾಗೇ ಮಾಡಿರ್ತಾರೆ.

ಕಿಟ್ ಕೊಳ್ಳುವಾಗ ಮೇಲಿನ ರಿಂಗ್ ಕೂರೋ ಗಾಡಿ ನೋಡಿ. ಒಳ್ಳೆ ಡೀಸೆಲ್ ಪಿಸ್ಟನ್ನುಗಳಲ್ಲಿ ಅಲ್ಲಿ ನಿಕಲ್ ಬೆರೆತ ಬೀಡಿನ ಬಳೆಯನ್ನು ಎರಕದಲ್ಲೇ ಕೂರಿಸಿರ್ತಾರೆ, ಬೇರೆ ಬಣ್ಣದ ಪಟ್ಟಿ ಕಾಣುತ್ತೆ. ಅದಿಲ್ಲದಿದ್ರೆ ಗಾಡಿ ಬೇಗ ಸವೆದು ರಿಂಗ್ ಅಲ್ಲಾಡುತ್ತೆ, ಇಂಜಿನ್ ಆಯಿಲ್ ಕುಡಿಯೋಕೆ ಶುರು. ಆಯಸ್ಕಾಂತ ಇಟ್ಟು ಪರೀಕ್ಷೆ ಮಾಡೋರಿದ್ದಾರೆ. ಆ ಬಳೆಗೆ ಆಯಸ್ಕಾಂತ ಸರಿಯಾಗಿ ಅಂಟೋದೇ ಇಲ್ಲ, ಮೋಸ ಹೋಗ್ತೀರಿ. ಹಳೇ ಪಿಸ್ಟನ್‌ನಲ್ಲಿ ಬಳೆ ಇದ್ದು ಹೊಸದರಲ್ಲಿ ಇಲ್ಲ ಅಂದ್ರೆ ವಾಪಸ್ ಕೊಡಿ. ಒಂದೇ ಪಿಸ್ಟನ್ ಬದಲಿಸೋದಾದ್ರೆ ಉಳಿದವುಗಳ ತೂಕಕ್ಕೆ ಸರಿಹೊಂದಬೇಕು.

ಹಳೇದನ್ನ ಗುಜರಿಗೆ ಹಾಕೋ ಮುಂಚೆ ಫೋಟೋ ತೆಗೀರಿ. ತಲೆ ಕರಗಿ ತೂತಾಗಿದ್ರೆ ಮೊದಲು ಇಂಜೆಕ್ಟರ್ ತೋರಿಸಿ. ಉದ್ದುದ್ದ ಗೀರು ತುಂಬಾ ಇದ್ರೆ ಏರ್ ಕ್ಲೀನರ್, ರೇಡಿಯೇಟರ್, ಆಯಿಲ್ ಮೂರನ್ನೂ ನೋಡಿಸಿ, ಆಮೇಲೆ ಹೊಸ ಕಿಟ್ ಹಾಕಿಸಿ.