ಮರುಭೂಮಿಯಲ್ಲಿ ಅರುಂಧತೀದರ್ಶನ

ವಿವಾಹಕಾಲದಲ್ಲಿ ವಧುವಿಗೆ ಅರುಂಧತಿಯನ್ನು ತೋರಿಸುವ ಪದ್ಧತಿಯನ್ನು ವಾಚಕರೆಲ್ಲರೂ ಬಲ್ಲರು. ಸಪ್ತರ್ಷಿಮಂಡಲದಲ್ಲಿ ವಸಿಷ್ಠನ ಮಗ್ಗುಲಲ್ಲಿ ಮಿನುಗುವ ಆ ಚಿಕ್ಕ ತಾರೆಯು ಒಮ್ಮೆಗೇ ಕಣ್ಣಿಗೆ ಬೀಳದು. ಆದಕಾರಣ ಮೊದಲು ದೊಡ್ಡ ತಾರೆಯನ್ನು ತೋರಿಸಿ, ಬಳಿಕ ಸಣ್ಣದರ ಕಡೆಗೆ ದೃಷ್ಟಿಯನ್ನು ಒಯ್ಯತಕ್ಕದ್ದು. ಇದನ್ನೇ ಶಾಸ್ತ್ರಜ್ಞರು ಸ್ಥೂಲಾರುಂಧತೀನ್ಯಾಯವೆನ್ನುವರು. ಜಾಲಹಳ್ಳಿಯಲ್ಲಿ ಉಪಾಧ್ಯಾಯರಾಗಿದ್ದಷ್ಟು ಕಾಲವೂ ನಾವು ಮಕ್ಕಳನ್ನು ಮಾಳಿಗೆಯ ಮೇಲೆ ನಿಲ್ಲಿಸಿ ಇದನ್ನು ಕಲಿಸಿದೆವು. ಆದರೆ ನಿವೃತ್ತರಾದ ವರ್ಷವೇ ಅರುಂಧತಿಯು ನಮ್ಮ ಕಣ್ಣಿಗೆ ಮರೆಯಾದಳು. ಅವಳನ್ನು ಕಾಣದವನ ಆಯುಸ್ಸು ತೀರುತ್ತ ಬಂದಿತೆಂಬ ಹಳೆಯ ನಂಬಿಕೆಯೊಂದುಂಟು. ಅದನ್ನು ನಂಬಿದೆವೆಂದು ಹೇಳಲಾರೆವು; ಆದರೆ ಯಾರಿಗೂ ತಿಳಿಸಲೂ ಇಲ್ಲ. ಬೀದಿದೀಪಗಳ ದೋಷವೆಂದು ಸಮಾಧಾನ ತಂದುಕೊಂಡೆವು.

ಹೀಗಿರುವಲ್ಲಿ ನಮ್ಮ ಮಗಳೂ ಅಳಿಯಂದಿರೂ ಇರುಳಿನ ಆಕಾಶದ ಛಾಯಾಚಿತ್ರ ತೆಗೆಯಲೆಂದು ಲಡಾಖಿನ ಹಾನ್ಲೆಗೆ ಹೊರಟು, ನಮ್ಮನ್ನೂ ಕರೆದರು. ನಮ್ಮ ಸಹಧರ್ಮಿಣಿಯು ಮೊಳಕಾಲಿನ ನೋವಿನಿಂದ ಊರಲ್ಲೇ ಉಳಿದಳು.

ಹಾನ್ಲೆಯು ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದ ಶೀತ ಮರುಭೂಮಿ. ಮಳೆ ಅತ್ಯಲ್ಪ, ಗಾಳಿ ಒಣಗಿದ್ದು, ತೆಳುವಾದದ್ದು. ಆದ್ದರಿಂದಲೇ ನಕ್ಷತ್ರಗಳು ಅಲ್ಲಿ ಅಷ್ಟು ನಿಚ್ಚಳ. ಅದೇ ಕಾರಣದಿಂದ ಉಸಿರಾಟವೂ ಕಷ್ಟ. ಲೇಹದಲ್ಲಿ ಕೆಲವು ದಿನ ತಂಗಿ ದೇಹವನ್ನು ಒಗ್ಗಿಸಿಕೊಳ್ಳದೆ, ವೈದ್ಯರ ಸಲಹೆಯಿಲ್ಲದೆ, ವಯಸ್ಸಾದವರು ಹೋಗಬಾರದು. ಅಲ್ಲಿಯ ಬೆಟ್ಟದ ಮೇಲೆ ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವಿದೆ. 2000ನೆಯ ಇಸವಿಯಲ್ಲಿ ಅದು ಮೊದಲ ಬಾರಿಗೆ ಆಕಾಶವನ್ನು ಕಂಡಿತು. ಅದನ್ನು ನಡೆಸುವವರು ಇರುವುದು ನಮ್ಮ ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ. ಉಪಗ್ರಹದ ಮೂಲಕ ಆಜ್ಞೆ ಹೋಗುತ್ತದೆ! 2022ರ ಡಿಸೆಂಬರಿನಲ್ಲಿ ಸುತ್ತಲಿನ 1,073 ಚದರ ಕಿಲೋಮೀಟರು ಪ್ರದೇಶವನ್ನು ಕತ್ತಲೆಯ ರಕ್ಷಣೆಗಾಗಿಯೇ ಮೀಸಲಿಟ್ಟರು. ದೀಪಗಳಿಗೆ ಮರೆ, ಕಿಟಕಿಗಳಿಗೆ ದಪ್ಪ ಪರದೆ. ಊರವರಲ್ಲೇ ಕೆಲವರಿಗೆ ಖಗೋಳಪಾಠ ಹೇಳಿ, ದೂರದರ್ಶಕ ಕೊಟ್ಟು, ಪ್ರವಾಸಿಗಳಿಗೆ ಮಾರ್ಗದರ್ಶಕರನ್ನಾಗಿ ಮಾಡಿದ್ದಾರೆ.

ನಮಗೆ ದೊರೆತವಳು ಆ ಊರಿನ ಒಬ್ಬ ತರುಣಿ. ವೈಶಾಖದ ಅಮಾವಾಸ್ಯೆಯ ರಾತ್ರಿ ಹೊರಗೆ ನಿಂತೆವು. ಕತ್ತಲೆಗೆ ಕಣ್ಣು ಪಳಗಲು ಅರ್ಧ ಗಂಟೆ ಬೇಕು. ಆ ಮೇಲೆ ಕೆಂಪು ದೀಪ ಮಾತ್ರ ಸಲ್ಲುವುದು. ಇದನ್ನು ಮರೆತು ನಾವು ಮೊಬೈಲ್ ಬೆಳಗಿಸಲು, ನಾಲ್ಕು ಕಡೆಯಿಂದ ಒಟ್ಟಿಗೆ ಆಕ್ಷೇಪಣೆ ಬಂತು. ಇತರರನ್ನು ಜೀವಮಾನವೆಲ್ಲ ಗದರಿಸಿದವರಿಗೆ ಅದೂ ಒಂದು ಪಾಠವಾಯಿತು.

ಚಿತ್ರ ತೆಗೆಯುವ ಕ್ರಮ ಹೀಗೆ: ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ಭದ್ರವಾಗಿ ನಿಲ್ಲಿಸಬೇಕು. ಉಜ್ವಲ ನಕ್ಷತ್ರವೊಂದನ್ನು ಪರದೆಯಲ್ಲಿ ಹಿಗ್ಗಿಸಿಕೊಂಡು, ಅದು ಚುಕ್ಕಿಯಷ್ಟು ಸಣ್ಣದಾಗುವವರೆಗೆ ಮಸೂರವನ್ನು ಕೈಯಿಂದಲೇ ತಿರುಗಿಸಬೇಕು. ಬೆಳಕಿನ ಕಂಡಿಯನ್ನು ಪೂರ್ಣವಾಗಿ ತೆರೆದು ಸುಮಾರು 20 ಸೆಕೆಂಡು ಬಿಡಬೇಕು. ಭೂಮಿಯು ಗಂಟೆಗೆ 15 ಅಂಶ ತಿರುಗುವುದರಿಂದ, ಹೆಚ್ಚು ಹೊತ್ತು ಬಿಟ್ಟರೆ ಚುಕ್ಕಿಗಳು ಗೆರೆಗಳಾಗುವುವು. ಚಳಿಗೆ ಬ್ಯಾಟರಿ ಬೇಗ ಸೋಲುವುದರಿಂದ ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗಿಡತಕ್ಕದ್ದು.

ಜಾಲಹಳ್ಳಿಯಲ್ಲಿ ದಿಗಂತದಿಂದ ಸುಮಾರು 16 ಅಂಶ ಮೇಲಿರುವ ಧ್ರುವನು ಅಲ್ಲಿ ಅದರ ಎರಡರಷ್ಟು ಎತ್ತರದಲ್ಲಿದ್ದನು. ಅವನ ಮೇಲ್ಗಡೆ ಸಪ್ತರ್ಷಿಗಳು. ತರುಣಿಯು ಹಸುರು ಕಿರಣದಿಂದ ವಸಿಷ್ಠನನ್ನು ತೋರಿಸಿ, “ಗುರೂಜಿ, ಎರಡು ಕಾಣುತ್ತವೆಯೇ?” ಎಂದು ಹಿಂದಿಯಲ್ಲಿ ಕೇಳಿದಳು. ನಮ್ಮ ಶಿಷ್ಯರಿಗೆ ನಾವು ಕೇಳುತ್ತಿದ್ದ ಪ್ರಶ್ನೆಯೇ ಅದು! ಅಂತಹ ಕತ್ತಲೆಯಲ್ಲಿಯೂ ನಮಗೆ ಕಂಡದ್ದು ಒಂದು ಮಸುಕು ಬೆಳಕು ಮಾತ್ರ. ಬೀದಿದೀಪಗಳ ಮೇಲೆ ಹೊರಿಸಲು ಅಲ್ಲಿ ಬೀದಿದೀಪಗಳೇ ಇರಲಿಲ್ಲ.

ಆಗ ಮಗಳು ತಾನು ತೆಗೆದ ಚಿತ್ರವನ್ನು ಹಿಗ್ಗಿಸಿ ಮುಂದೆ ಹಿಡಿದಳು. ವಸಿಷ್ಠನ ಪಕ್ಕದಲ್ಲಿ ಅರುಂಧತಿಯು ಸ್ಫುಟವಾಗಿದ್ದಳು. ಸುಮಾರು 80 ವರ್ಷಗಳ ಹಿಂದೆ, ನಮ್ಮ ರಾಯಚೂರು ಸೀಮೆಯು ಇನ್ನೂ ನಿಜಾಮರ ಆಳ್ವಿಕೆಯಲ್ಲಿದ್ದಾಗ ಹೊರಟ ಬೆಳಕು ಅದು. ನಾವು ಚಿತ್ರವನ್ನೂ ಆಕಾಶವನ್ನೂ ಮತ್ತೆ ಮತ್ತೆ ನೋಡುತ್ತಿರಲು, ಮಗಳು ಮೆಲ್ಲಗೆ, “ಅಪ್ಪಾ, ಎಷ್ಟು ದಿನದಿಂದ ಹೀಗೆ?” ಎಂದಳು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

ಪರೀಕ್ಷಿಸಿದ ವೈದ್ಯರು ಎರಡು ಕಣ್ಣಿಗೂ ಪೊರೆ ಬಂದಿದೆಯೆಂದರು. ಶಸ್ತ್ರಚಿಕಿತ್ಸೆಯಾಗಿ ಹೊಸ ಮಸೂರಗಳು ಕುಳಿತವು. ದೂರದ ದೀಪ ಹರಡಿದಂತೆ ಕಂಡರೆ ಮನೆಯ ಹಿರಿಯರು ಅದನ್ನು ವಿಧಿಯೆಂದು ಬಗೆದು ಸುಮ್ಮನಿರಬಾರದು; ತೋರಿಸಿಕೊಳ್ಳಬೇಕು. ಅಂಗಳದ ದೀಪಕ್ಕೆ ಒಂದು ಮರೆ ಕಟ್ಟಿ, ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮಾಡಿದರೆ ಆಕಾಶವೂ ಉಳಿಯುವುದು. ಇವೆರಡೇ ನಮ್ಮ ವಿಜ್ಞಾಪನೆ.

ಈ ಸಲ ಯುಗಾದಿಯ ಹಿಂದಿನ ರಾತ್ರಿ, ಅಮಾವಾಸ್ಯೆ, ಅಂಗಳದ ದೀಪವನ್ನು ಆರಿಸಿ ಸಹಧರ್ಮಿಣಿಯೊಡನೆ ಮೆಲ್ಲಗೆ ಮಾಳಿಗೆ ಹತ್ತಿದೆವು. ಈಶಾನ್ಯದಲ್ಲಿ ಸಪ್ತರ್ಷಿಗಳು ಮೇಲೇರಿದ್ದರು. ವಸಿಷ್ಠನ ಪಕ್ಕದಲ್ಲಿ ಅವಳಿದ್ದಳು. ಮೊದಲು ದೊಡ್ಡದನ್ನು, ಬಳಿಕ ಚಿಕ್ಕದನ್ನು ತೋರಿಸಿದೆವು. ಆಕೆ ಬಹಳ ಹೊತ್ತು ನೋಡಿ ನಕ್ಕಳು:

“ನಮ್ಮ ಲಗ್ನದಾಗ ನಡುಮಧ್ಯಾಹ್ನರೀ. ಭಟ್ಟರು ಕಂಡಿತೇನವಾ ಅಂತ ಕೇಳಿದ್ರು, ಹೂಂ ಅಂದುಬಿಟ್ಟೆ. ಖರೇ ಕಂಡದ್ದು ಈಗ.”