ಗೊಂಬೆ ಮದುವೆಗೆ ಮೆಂತ್ಯದ ಪುಡಿ, ಗೋಣಿದಾರ!

ಮದುವೆ ಗೊತ್ತಾದ ಮನೆಗೆ ಹೋದರೆ ಕಿವಿಗೆ ಬೀಳುವುದು ಒಡವೆ, ಸೀರೆ, ಅಡುಗೆಭಟ್ಟರ ಮಾತು. ನಮ್ಮ ಪೇಟೆ ಬೀದಿಯ ದಿನಸಿ ಅಂಗಡಿಯವರೊಬ್ಬರ ಮನೆಯಲ್ಲಿ ಮಾತ್ರ ಈಗ ಗೊಂಬೆಗಳದ್ದೇ ಮಾತು. ಮದುವೆ ಮಂಟಪ, ಬಾಗಿಲು, ಆರತಿ ತಟ್ಟೆ ಎಲ್ಲವೂ ಗೊಂಬೆ ಮದುವೆಯ ಥರ ಇರಬೇಕಂತೆ, ಅಲಂಕಾರವೂ ಮನೆಯವರ ಕೈಯಿಂದಲೇ ಆಗಬೇಕಂತೆ. ಇದು ಮಗಳ ಹಟ.

"ಚಿಕ್ಕವಳಿದ್ದಾಗ ಆಡಿದ್ದು ಸಾಲದೇನಮ್ಮ? ಡೆಕೊರೇಷನ್‌ನವನಿಗೆ ಹೇಳಿದ್ರೆ ಒಂದೇ ದಿನದಲ್ಲಿ ಮುಗಿಸ್ತಾನೆ" ಅಂತ ಅಪ್ಪ.

"ಅವನು ತರೋದು ಹೋದ ವಾರ ಇನ್ನೊಬ್ಬರ ಮದುವೇಲಿ ನಿಲ್ಲಿಸಿದ್ದ ಕಮಾನನ್ನೇ ಅಪ್ಪ" ಅಂತ ಮಗಳು.

ಹುಚ್ಚಾಟ ಅನ್ನುವ ಹಾಗಿಲ್ಲ ಸ್ವಾಮಿ. ಹಳೇ ಮೈಸೂರು ಸೀಮೆಯಲ್ಲಿ ಮದುವೆಗೂ ಗೊಂಬೆಗೂ ನಂಟಿದೆ. ತವರಿನವರು ಮಗಳಿಗೆ ರಾಜ-ರಾಣಿಯ ಪಟ್ಟದ ಗೊಂಬೆ ಕೊಡುವುದು, ಆಕೆ ಅದನ್ನು ಗಂಡನ ಮನೆಯಲ್ಲಿ ನವರಾತ್ರಿಗೆ ಕೂರಿಸುವುದು ಎಷ್ಟೋ ಮನೆಗಳ ಪದ್ಧತಿ. ಚನ್ನಪಟ್ಟಣದವರು ಆಲೆ ಮರ ಕಡೆದು, ಅರಗಿನ ಬಣ್ಣ ಹಚ್ಚಿ ಮಾಡುವ ಬೊಂಬೆಗಳಂತೂ ಇವೆ. ಹುಡುಗಿಯ ಲೆಕ್ಕ ಇಷ್ಟೇ: ಅಂಥದ್ದು ಒಂದೆರಡು ಜೊತೆ ಕೊಂಡು, ಮಿಕ್ಕದ್ದನ್ನು ಮನೆಯಲ್ಲೇ ಮಾಡುವುದು. ಥರ್ಮಾಕೋಲಿನ ಹಂಸ ಬೇಡವೇ ಬೇಡ. ಅಲಂಕಾರದ ಥರ್ಮಾಕೋಲನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಿದ್ದಾರೆ.

ಆದರೆ ಕೈಕೆಲಸ ಅಂದರೆ ಅಗ್ಗ ಅಂದುಕೊಂಡವರು ದಿನ ಎಣಿಸುವುದು ಮರೆಯುತ್ತಾರೆ. ಹಳೇ ಪೇಪರು ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ ಬುಟ್ಟಿ ಮೆತ್ತುವುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ವಿದ್ಯೆ. ಮೆಂತ್ಯ ಅಂಟೂ ಹೌದು, ಹುಳು ಬರದಂತೆ ತಡೆಯುತ್ತೆ ಅಂತಲೂ ನಂಬಿಕೆ. ಅದೇ ಹಿಟ್ಟಿನಲ್ಲಿ ಗೊಂಬೆ ತಲೆಯನ್ನೂ ಮಾಡಬಹುದು. ಒಣಗಬೇಕಲ್ಲ? ವೈಶಾಖದ ಮದುವೆಯಾದರೆ ಫಾಲ್ಗುಣದ ಬಿಸಿಲು ಸಿಗುತ್ತೆ. ಶ್ರಾವಣದ ಮದುವೆಗೆ ಆಷಾಢದ ಮಳೆಯಲ್ಲಿ ಕೂತು ಮೆತ್ತಿದಿರೋ, ಹೊರಗೆ ಗಟ್ಟಿಯಾದರೂ ಒಳಗೆ ಹಸಿ ಉಳಿದು ಬೂಷ್ಟು ಹಿಡಿಯುತ್ತೆ. ಅಂಥವರು ಬಟ್ಟೆ ಗೊಂಬೆ ಹೊಲಿಯುವುದೇ ವಾಸಿ.

ತೆಂಗಿನ ಸುಳಿಗರಿಯ ಗಿಳಿ, ತೋರಣ ಇದಕ್ಕೆ ತಿರುಗುಮುರುಗು. ಮೊದಲೇ ಮಾಡಿಟ್ಟರೆ ಬಾಡಿ ಮುದುರುತ್ತೆ. ಹಿಂದಿನ ದಿನ ಹೆಣೆದು, ಒದ್ದೆ ಗೋಣಿಚೀಲದಲ್ಲಿ ಸುತ್ತಿಡಬೇಕು. ಹೂವಂತೂ ಕೊನೆಗೆ.

ಇನ್ನು ಛತ್ರದ ಪಾಡು. ಎಷ್ಟೋ ಕಡೆ ಬೀಗದ ಕೈ ಸಿಗುವುದೇ ಹಿಂದಿನ ದಿನ ಮಧ್ಯಾಹ್ನದ ಮೇಲೆ, ಸಂಜೆ ಆರಕ್ಕೆ ಆರತಕ್ಷತೆ. ತಿಂಗಳುಗಟ್ಟಲೆ ಮಾಡಿದ್ದನ್ನು ಮೂರು ನಾಲ್ಕು ಗಂಟೆಯಲ್ಲಿ ಕಟ್ಟಿ ಮುಗಿಸಬೇಕು. ಹಗ್ಗಕ್ಕೆ ಪೋಣಿಸಿ, ಸುತ್ತಿ, ರಟ್ಟಿನ ಪೆಟ್ಟಿಗೆಗೆ ತುಂಬಿ, ಮೇಲೆ 'ಬಾಗಿಲು', 'ಮಂಟಪ' ಅಂತ ಬರೆದಿಟ್ಟರೆ ಬಚಾವು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ ಅನ್ನೋ ಛತ್ರಗಳಿವೆ. ಅಲ್ಲಿಗೆ ಗೋಣಿದಾರವೇ ಗತಿ. ನಮ್ಮ ಡೆಕೊರೇಷನ್‌ನವನೇ ಆಗಬೇಕು, ಹೊರಗಿನದು ನಡೆಯೋಲ್ಲ ಅನ್ನೋರೂ ಇದ್ದಾರೆ. ಅಡ್ವಾನ್ಸ್ ಕೊಡುವ ಮುಂಚೆ ಕೇಳಬೇಕಾದ ಮಾತು ಇದು, ಕೊಟ್ಟಮೇಲೆ ಅಲ್ಲ.

ಗೊಂಬೆ ಕಟ್ಟೋರು ಯಾರು ಅನ್ನುವುದೂ ಇದೆ. ಚಿಕ್ಕಮ್ಮ, ಅತ್ತೆಯರು ಆ ಹೊತ್ತಿಗೆ ಬೀಗರನ್ನು ಎದುರುಗೊಳ್ಳಲು ಬಾಗಿಲಲ್ಲಿ ನಿಂತಿರಬೇಕು. ಈ ಮನೆಯವರು ಆ ಕೆಲಸಕ್ಕೆ ಹುಡುಗಿಯ ನಾಲ್ವರು ಸ್ನೇಹಿತೆಯರನ್ನೂ ಅಂಗಡಿಯ ಹುಡುಗನನ್ನೂ ಗೊತ್ತುಮಾಡಿದ್ದಾರೆ. ಏಣಿ ಹತ್ತೋನು ಒಬ್ಬ ಇರಲೇಬೇಕು.

ಹೋಮಕುಂಡದ ಹತ್ತಿರ ಮಾತ್ರ ಕಾಗದ, ಬಟ್ಟೆ ಸುಳಿಯಬಾರದು ಅಂತ ಪುರೋಹಿತರು ಮೊದಲೇ ಹೇಳಿದ್ದಾರೆ, ಸರಿಯಾಗೇ ಹೇಳಿದ್ದಾರೆ. ಅಲ್ಲಿಗೆ ಬಾಳೆಕಂಬ, ಮಾವಿನ ಸೊಪ್ಪು, ಎರಡು ಮರದ ಗೊಂಬೆ, ಅದೂ ದೂರದಲ್ಲಿ.

ಬಂದವರಿಗೆಲ್ಲ ಕೈಯಲ್ಲೇ ಮಾಡಿದ ಪುಟ್ಟ ಗೊಂಬೆ ಕೊಡಬೇಕು ಅಂತಲೂ ಹುಡುಗಿಗೆ ಆಸೆಯಿತ್ತು. ಆರುನೂರು ಎಲೆಯ ಊಟ! ಅಮ್ಮ ಬೆರಳು ಮಡಿಸಿ ಲೆಕ್ಕ ಹಾಕಿ, ತಾಂಬೂಲಕ್ಕೆ ತೆಂಗಿನಕಾಯಿಯೇ ಸಾಕು ಅಂದುಬಿಟ್ಟರು. ಆ ಮಾತಿಗೆ ಅಪ್ಪನದೂ ಒಪ್ಪಿಗೆ. ಸಾಬೂನಿನ ಖಾಲಿ ಪೆಟ್ಟಿಗೆಗಳನ್ನು ಗುಜರಿಯವನಿಗೆ ಕೊಡುವುದನ್ನು ಮಾತ್ರ ಹದಿನೈದು ದಿನದಿಂದ ನಿಲ್ಲಿಸಿದ್ದಾರೆ.